ಲೋಕಗ್ರಂಥಗಳ ಪರ್ವತಗಣನೆ ಮತ್ತು ಪಾಠನಿರ್ಣಯ

ಜೈನಶಾಸ್ತ್ರದ ನಾಲ್ಕು ಅನುಯೋಗಗಳಲ್ಲಿ ಕರಣಾನುಯೋಗವು ಲೋಕದ ಆಕಾರ, ವಿಭಾಗ ಹಾಗೂ ಪ್ರಮಾಣಗಳನ್ನು ನಿರೂಪಿಸುತ್ತದೆ ಎಂಬುದು ವಿದ್ವಾಂಸರಿಗೆ ವಿದಿತವೇ ಇದೆ. ಯತಿವೃಷಭಾಚಾರ್ಯರ ತಿಲೋಯಪಣ್ಣತ್ತಿ, ಪದ್ಮನಂದಿಗಳ ಜಂಬೂದೀವಪಣ್ಣತ್ತಿಸಂಗಹೋ, ಸಿಂಹಸೂರಿಗಳ ಲೋಕವಿಭಾಗ, ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ತ್ರಿಲೋಕಸಾರ ಇವು ಈ ಅನುಯೋಗದ ಮುಖ್ಯ ಗ್ರಂಥಗಳು. ತತ್ತ್ವಾರ್ಥಸೂತ್ರದ ಮೂರನೆಯ ಅಧ್ಯಾಯವೂ ಪುರಾಣಗಳಲ್ಲಿ ಬರುವ ಲೋಕವರ್ಣನೆಯೂ ಇದೇ ವಿಷಯವನ್ನು ಸಂಗ್ರಹವಾಗಿ ಹೇಳುತ್ತವೆ. ಈ ಎಲ್ಲ ಗ್ರಂಥಗಳಲ್ಲಿಯೂ ಮಧ್ಯಲೋಕದ ನಿರೂಪಣೆಗೆ ಆಧಾರವಾಗಿ ನಿಂತಿರುವುವು ಪರ್ವತಗಳು. ಕ್ಷೇತ್ರಗಳನ್ನು ಬೇರ್ಪಡಿಸುವುವು ಅವೇ. ಮಹಾನದಿಗಳು ಹೊರಡುವುದು ಅವುಗಳ ಮೇಲಣ ಹ್ರದಗಳಿಂದ. ಅಕೃತ್ರಿಮ ಚೈತ್ಯಾಲಯಗಳಲ್ಲಿ ಬಹುಪಾಲು ಇರುವುದು ಅವುಗಳ ಮೇಲೆ.

ಆದರೆ ಹಸ್ತಪ್ರತಿಗಳನ್ನು ಕೈಗೆತ್ತಿಕೊಂಡವರಿಗೆ ಈ ಪರ್ವತಪ್ರಕರಣಗಳು ಅತ್ಯಂತ ಕ್ಲಿಷ್ಟವಾದ ಭಾಗಗಳಾಗಿಯೇ ತೋರುತ್ತವೆ. ಗಾಹೆಯಿಂದ ಗಾಹೆಗೆ ಸಂಖ್ಯೆಗಳು ತುಂಬಿರುತ್ತವೆ. ಒಂದು ಅಕ್ಷರ ಲೋಪವಾದರೆ ಐವತ್ತು ಐದಾಗುತ್ತದೆ. ಇಂಥ ಕಡೆ ಸಂಪಾದನೆಯಲ್ಲಿ ಎರಡು ಬಗೆಯ ದೋಷಗಳಿಗೆ ಎಡೆಯುಂಟು. ಪ್ರತಿಯಲ್ಲಿ ಕಂಡ ಸಂಖ್ಯೆಯನ್ನು ಪರೀಕ್ಷಿಸದೆ ಅಚ್ಚಿಗೆ ಕಳುಹಿಸುವುದು ಒಂದು. ಶಾಸ್ತ್ರದ ಹಿಮವಂತವನ್ನು ಇಂದಿನ ಹಿಮಾಲಯವೆಂದು ಮೊದಲೇ ನಿಶ್ಚಯಿಸಿಕೊಂಡು, ಅದಕ್ಕೆ ಹೊಂದದ ಪಾಠಗಳನ್ನು ಅಪಪಾಠವೆಂದು ತಳ್ಳುವುದು ಇನ್ನೊಂದು. ಮೊದಲನೆಯದರಿಂದ ಲಿಪಿಕಾರನ ಕೈತಪ್ಪು ಆಚಾರ್ಯರ ಮತವಾಗಿ ನಿಲ್ಲುತ್ತದೆ. ಎರಡನೆಯದರಿಂದ ಆಚಾರ್ಯರ ಮತವೇ ಕೈತಪ್ಪಾಗಿ ಅಳಿದುಹೋಗುತ್ತದೆ. ಪರ್ವತಗಣನೆಯ ಒಳಗೇ ಅಡಗಿರುವ ಗಣಿತವು ಈ ಎರಡು ದೋಷಗಳನ್ನೂ ತಡೆಯಬಲ್ಲ ಸಾಧನವೆಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕುಲಪರ್ವತಗಳ ಲೆಕ್ಕ

ಜಂಬೂದ್ವೀಪದ ವ್ಯಾಸ ಒಂದು ಲಕ್ಷ ಯೋಜನ. ಅದರಲ್ಲಿ ದಕ್ಷಿಣದಿಂದ ಉತ್ತರಕ್ಕೆ ಭರತ, ಹೈಮವತ, ಹರಿ, ವಿದೇಹ, ರಮ್ಯಕ, ಹೈರಣ್ಯವತ, ಐರಾವತ ಎಂಬ ಏಳು ಕ್ಷೇತ್ರಗಳು. ಇವುಗಳ ನಡುನಡುವೆ ಪೂರ್ವಪಶ್ಚಿಮವಾಗಿ ಸಮುದ್ರದಿಂದ ಸಮುದ್ರದವರೆಗೆ ಚಾಚಿಕೊಂಡಿರುವ ಹಿಮವಂತ, ಮಹಾಹಿಮವಂತ, ನಿಷಧ, ನೀಲ, ರುಕ್ಮಿ, ಶಿಖರಿ ಎಂಬ ಆರು ಕುಲಪರ್ವತಗಳು. ಭರತದಿಂದ ಹೊರಟು ವಿದೇಹದವರೆಗೆ ಪ್ರತಿಯೊಂದರ ವಿಸ್ತಾರವೂ ಹಿಂದಿನದರ ಇಮ್ಮಡಿ. ಅಲ್ಲಿಂದ ಉತ್ತರಕ್ಕೆ ಅದೇ ಕ್ರಮದಲ್ಲಿ ಅರ್ಧರ್ಧವಾಗಿ ಇಳಿಯುತ್ತದೆ.

ಭರತಕ್ಷೇತ್ರಕ್ಕೆ ಒಂದು ಶಲಾಕೆಯೆಂದು ಹಿಡಿದರೆ ಹಿಮವಂತಕ್ಕೆ ೨, ಹೈಮವತಕ್ಕೆ ೪, ಮಹಾಹಿಮವಂತಕ್ಕೆ ೮, ಹರಿಕ್ಷೇತ್ರಕ್ಕೆ ೧೬, ನಿಷಧಕ್ಕೆ ೩೨, ವಿದೇಹಕ್ಕೆ ೬೪ ಶಲಾಕೆಗಳಾಗುತ್ತವೆ. ಉತ್ತರದ ಕಡೆಯ ೩೨, ೧೬, ೮, ೪, ೨, ೧ ಇವುಗಳನ್ನು ಕೂಡಿಸಿದರೆ ಒಟ್ಟು ೧೯೦. ಒಂದು ಲಕ್ಷವನ್ನು ೧೯೦ರಿಂದ ಭಾಗಿಸಿದಾಗ ಬರುವ ೫೨೬ ಯೋಜನ, ಯೋಜನದ ಹತ್ತೊಂಬತ್ತು ಭಾಗಗಳಲ್ಲಿ ಆರು, ಇದೇ ಭರತದ ವಿಸ್ತಾರ. ಈ ಹತ್ತೊಂಬತ್ತನೆಯ ಒಂದು ಭಾಗಕ್ಕೆ ಕಲೆಯೆಂದು ಹೆಸರು. ಹೀಗೆ ಭರತ ೫೨೬ ಯೋಜನ ೬ ಕಲೆ, ಹಿಮವಂತ ೧,೦೫೨ ಯೋಜನ ೧೨ ಕಲೆ, ಹೈಮವತ ೨,೧೦೫ ಯೋಜನ ೫ ಕಲೆ, ಮಹಾಹಿಮವಂತ ೪,೨೧೦ ಯೋಜನ ೧೦ ಕಲೆ, ಹರಿಕ್ಷೇತ್ರ ೮,೪೨೧ ಯೋಜನ ೧ ಕಲೆ, ನಿಷಧ ೧೬,೮೪೨ ಯೋಜನ ೨ ಕಲೆ, ವಿದೇಹ ೩೩,೬೮೪ ಯೋಜನ ೪ ಕಲೆ.

ಈ ಸರಣಿಯಲ್ಲಿ ಲಿಪಿಕಾರನು ಎಲ್ಲಿ ಎಡವಬಹುದೆಂಬುದು ಗಣಿತದಿಂದಲೇ ಗೊತ್ತಾಗುತ್ತದೆ. ಮಹಾಹಿಮವಂತದ ೧೦ ಕಲೆಗಳನ್ನು ಇಮ್ಮಡಿಸಿದರೆ ೨೦ ಕಲೆ. ಅದರಲ್ಲಿ ೧೯ ಕಲೆಗಳು ಒಂದು ಯೋಜನವಾಗಿ ಮೇಲೇರಿ, ಉಳಿಯುವುದು ೧ ಕಲೆ. ಆದುದರಿಂದ ಹರಿಕ್ಷೇತ್ರಕ್ಕೆ ೮,೪೨೦ ಯೋಜನ ೧ ಕಲೆಯೆಂದು ಬರೆದ ಪ್ರತಿಯೊಂದು ದೊರೆತರೆ, ಮೇಲೇರಿದ ಒಂದು ಯೋಜನ ಬಿಟ್ಟುಹೋಗಿದೆಯೆಂದು ನಿಸ್ಸಂಶಯವಾಗಿ ಹೇಳಬಹುದು. ಹೈಮವತದ ಸಂಖ್ಯೆಯಿರುವ ಭಾಗವನ್ನು ಹುಳು ತಿಂದಿದ್ದರೂ ಮುಂದಿನ ಮಹಾಹಿಮವಂತದ ಸಂಖ್ಯೆಯ ಅರ್ಧದಿಂದ ಅದು ಮತ್ತೆ ದೊರೆಯುತ್ತದೆ. ಇನ್ನೊಂದು ಪರೀಕ್ಷೆಯೂ ಉಂಟು. ಆರು ಪರ್ವತಗಳ ಶಲಾಕೆಗಳು ೮೪, ಏಳು ಕ್ಷೇತ್ರಗಳವು ೧೦೬. ಪರ್ವತಗಳ ವಿಸ್ತಾರವನ್ನೆಲ್ಲ ಕೂಡಿಸಿದರೆ ೪೪,೨೧೦ ಯೋಜನ ೧೦ ಕಲೆ ಬರಲೇಬೇಕು. ಬಾರದಿದ್ದರೆ ಆರರಲ್ಲಿ ಯಾವುದೋ ಒಂದು ಪಾಠ ಕೆಟ್ಟಿದೆಯೆಂದೇ ಅರ್ಥ.

ಎತ್ತರದ ಲೆಕ್ಕ ಇನ್ನೂ ಸರಳ. ಹಿಮವಂತ ಮತ್ತು ಶಿಖರಿ ೧೦೦ ಯೋಜನ, ಮಹಾಹಿಮವಂತ ಮತ್ತು ರುಕ್ಮಿ ೨೦೦, ನಿಷಧ ಮತ್ತು ನೀಲ ೪೦೦. ಭೂಮಿಯೊಳಗಿನ ಅವಗಾಹವು ಎತ್ತರದ ಕಾಲುಭಾಗ, ಅಂದರೆ ೨೫, ೫೦, ೧೦೦ ಯೋಜನ. ಈ ಆರಕ್ಕೂ ಬುಡದಲ್ಲಿಯೂ ತುದಿಯಲ್ಲಿಯೂ ಒಂದೇ ವಿಸ್ತಾರವೆಂದು ಸೂತ್ರಕಾರರು ಸ್ಪಷ್ಟವಾಗಿ ಹೇಳಿರುವುದು ಗಮನಾರ್ಹ. ಗೋಡೆಯಂತೆ ನೆಟ್ಟಗೆ ನಿಂತ ಈ ಪರ್ವತಗಳಿಗೆ ಮೂಲವಿಸ್ತಾರ, ಮಧ್ಯವಿಸ್ತಾರ, ಅಗ್ರವಿಸ್ತಾರಗಳೆಂದು ಮೂರು ಬೇರೆ ಸಂಖ್ಯೆಗಳು ಪ್ರತಿಯಲ್ಲಿ ಕಂಡುಬಂದರೆ, ಅವು ಬೇರೊಂದು ಪರ್ವತದ ಪ್ರಕರಣದಿಂದ ಸ್ಥಾನಪಲ್ಲಟವಾಗಿ ಬಂದಿವೆಯೆಂದು ಶಂಕಿಸಬೇಕು.

ವಿಜಯಾರ್ಧ ಮತ್ತು ಇತರ ಪರ್ವತಗಳು

ಭರತಕ್ಷೇತ್ರದ ನಡುವೆ ಇರುವ ವಿಜಯಾರ್ಧದ ಆಕಾರ ಬೇರೆಯದು. ಇದರ ಎತ್ತರ ೨೫ ಯೋಜನ, ಬುಡದ ವಿಸ್ತಾರ ೫೦. ಹತ್ತು ಯೋಜನ ಮೇಲಕ್ಕೆ ಏರಿದಾಗ ಎರಡು ಪಕ್ಕಗಳಲ್ಲಿಯೂ ಹತ್ತು ಹತ್ತು ಯೋಜನ ಅಗಲದ ವಿದ್ಯಾಧರಶ್ರೇಣಿಗಳು. ದಕ್ಷಿಣದಲ್ಲಿ ೫೦, ಉತ್ತರದಲ್ಲಿ ೬೦, ಒಟ್ಟು ೧೧೦ ನಗರಗಳು. ಅಲ್ಲಿಗೆ ಪರ್ವತದ ವಿಸ್ತಾರ ೩೦ ಯೋಜನಕ್ಕೆ ಇಳಿಯುತ್ತದೆ. ಮತ್ತೆ ಹತ್ತು ಯೋಜನ ಏರಿದರೆ ಆಭಿಯೋಗ್ಯ ದೇವರ ಶ್ರೇಣಿಗಳು. ವಿಸ್ತಾರ ೧೦ ಯೋಜನ. ಅದರ ಮೇಲೆ ಐದು ಯೋಜನಕ್ಕೆ ಶಿಖರ. ಮೆಟ್ಟಿಲುಮೆಟ್ಟಿಲಾಗಿ ೫೦, ೩೦, ೧೦ ಎಂದು ಕಿರಿದಾಗುವ ಈ ಕ್ರಮವೇ ಪಾಠಕ್ಕೆ ಕಾವಲು. ಭರತದ ೫೨೬ ಯೋಜನ ೬ ಕಲೆಗಳಲ್ಲಿ ವಿಜಯಾರ್ಧದ ೫೦ ಯೋಜನವನ್ನು ಕಳೆದು ಅರ್ಧಿಸಿದರೆ, ದಕ್ಷಿಣಭರತಕ್ಕೂ ಉತ್ತರಭರತಕ್ಕೂ ೨೩೮ ಯೋಜನ ೩ ಕಲೆ ದೊರೆಯುತ್ತದೆ. ಗ್ರಂಥಗಳು ಈ ಸಂಖ್ಯೆಯನ್ನು ಬೇರೆಯಾಗಿಯೂ ಹೇಳುವುದರಿಂದ ಒಂದು ಇನ್ನೊಂದಕ್ಕೆ ಸಾಕ್ಷಿಯಾಗುತ್ತದೆ.

ಜಂಬೂದ್ವೀಪದ ಸಮಸ್ತ ಪರ್ವತಗಳ ಸಂಖ್ಯೆ ೩೧೧ ಎಂದು ತ್ರಿಲೋಕಸಾರದ ಗಣನೆ. ಮೇರು ೧, ಕುಲಪರ್ವತ ೬, ಯಮಕಗಿರಿ ೪, ಕಾಂಚನಗಿರಿ ೨೦೦, ದಿಗ್ಗಜ ೮, ವಕ್ಷಾರ ೧೬, ಗಜದಂತ ೪, ವಿಜಯಾರ್ಧ ೩೪, ವೃಷಭಾಚಲ ೩೪, ನಾಭಿಗಿರಿ ೪. ವಿದೇಹದ ೩೨ ವಿಭಾಗಗಳಿಗೂ ಭರತ, ಐರಾವತಗಳಿಗೂ ಒಂದೊಂದು ವಿಜಯಾರ್ಧ, ಒಂದೊಂದು ವೃಷಭಾಚಲ ಸಲ್ಲುವುದರಿಂದ ಈ ಎರಡು ಸಂಖ್ಯೆಗಳು ಸಮವಾಗಿಯೇ ಇರಬೇಕು. ಒಂದು ಕಡೆ ೩೪, ಇನ್ನೊಂದು ಕಡೆ ೩೨ ಎಂದು ಬಂದರೆ ಭರತೈರಾವತಗಳನ್ನು ಬಿಟ್ಟು ಎಣಿಸಿದ್ದಾರೆಯೇ, ಅಥವಾ ಬರೆಹದ ದೋಷವೇ ಎಂಬುದನ್ನು ಮೊತ್ತದಿಂದ ನಿರ್ಣಯಿಸಬಹುದು.

ಮೇರುವಿನ ಏರಿಳಿತ

ಸುದರ್ಶನಮೇರುವಿನ ಪ್ರಕರಣವು ಈ ಗಣಿತದ ಅತ್ಯಂತ ಸೂಕ್ಷ್ಮವಾದ ನಿದರ್ಶನ. ಮೇರುವಿನ ಒಟ್ಟು ಪ್ರಮಾಣ ಒಂದು ಲಕ್ಷ ಯೋಜನ. ಅದರಲ್ಲಿ ೧,೦೦೦ ಭೂಮಿಯ ಒಳಗೆ, ೯೯,೦೦೦ ಮೇಲೆ. ನೆಲದ ಮಟ್ಟದಲ್ಲಿ ವ್ಯಾಸ ೧೦,೦೦೦, ತುದಿಯಲ್ಲಿ ೧,೦೦೦ ಯೋಜನ. ೯೯,೦೦೦ ಯೋಜನಗಳಲ್ಲಿ ೯,೦೦೦ ಕುಗ್ಗುವುದರಿಂದ ಹನ್ನೊಂದು ಯೋಜನಕ್ಕೆ ಒಂದು ಯೋಜನದಂತೆ ಹಾನಿ. ಅದೇ ಪ್ರಮಾಣವನ್ನು ಕೆಳಕ್ಕೆ ಅನ್ವಯಿಸಿದರೆ ತಳದ ವ್ಯಾಸ ೧೦,೦೯೦ ೧೦/೧೧ ಯೋಜನ.

ನೆಲದ ಮೇಲೆ ಭದ್ರಶಾಲವನ; ೫೦೦ ಯೋಜನ ಏರಿದಾಗ ನಂದನವನ; ಅಲ್ಲಿಂದ ೬೨,೫೦೦ ಯೋಜನದ ಮೇಲೆ ಸೌಮನಸವನ; ಅಲ್ಲಿಂದ ೩೬,೦೦೦ ಯೋಜನದ ಮೇಲೆ ಪಾಂಡುಕವನ. ಈ ಮೂರರ ಮೊತ್ತ ೯೯,೦೦೦. ನಂದನದ ಮಟ್ಟದಲ್ಲಿ ಹೊರವ್ಯಾಸ ೯,೯೫೪ ೬/೧೧ ಯೋಜನ. ವನವು ಸುತ್ತಲೂ ೫೦೦ ಯೋಜನ ಅಗಲವಾಗಿರುವುದರಿಂದ ಒಳವ್ಯಾಸ ೮,೯೫೪ ೬/೧೧. ಇಲ್ಲಿಂದ ೧೧,೦೦೦ ಯೋಜನದವರೆಗೆ ಮೇರು ಕುಗ್ಗದೆ ಸಮವಾಗಿಯೇ ಏರಿ, ಬಳಿಕ ಮತ್ತೆ ಕುಗ್ಗತೊಡಗುತ್ತದೆಯೆಂದು ಗ್ರಂಥಗಳು ಹೇಳುತ್ತವೆ.

ಈ ಸಮಭಾಗದ ಮಾತು ಮೊದಲ ನೋಟಕ್ಕೆ ಅನಾವಶ್ಯಕವೆಂದು ತೋರಬಹುದು. ಪ್ರಕ್ಷಿಪ್ತವೆಂದು ಶಂಕಿಸಲೂ ಆಸ್ಪದವುಂಟು. ಅದನ್ನು ತೆಗೆದು ಲೆಕ್ಕಹಾಕಿದರೆ ಸೌಮನಸದ ಮಟ್ಟದಲ್ಲಿ ಹೊರವ್ಯಾಸ ೩,೨೭೨ ೮/೧೧ ಎಂದು ಬರುತ್ತದೆ. ಆದರೆ ಗ್ರಂಥಗಳಲ್ಲಿ ಅದು ಸೌಮನಸದ ಒಳವ್ಯಾಸ. ಹೊರವ್ಯಾಸ ೪,೨೭೨ ೮/೧೧. ನಂದನವನಕ್ಕಾಗಿ ಒಮ್ಮೆಲೇ ಕಳೆದ ೧,೦೦೦ ಯೋಜನವನ್ನು ೧೧,೦೦೦ ಯೋಜನದ ಸಮಭಾಗವು ಸರಿದೂಗಿಸುತ್ತದೆಯೆಂಬುದು ಇದರ ಮರ್ಮ. ಸೌಮನಸದ ಮೇಲೆಯೂ ೧೧,೦೦೦ ಯೋಜನ ಸಮಭಾಗ, ಉಳಿದ ೨೫,೦೦೦ ಯೋಜನದಲ್ಲಿ ೨,೨೭೨ ೮/೧೧ ಹಾನಿ. ತುದಿಯಲ್ಲಿ ಸರಿಯಾಗಿ ೧,೦೦೦ ಯೋಜನ. ತುದಿಯ ಪಾಂಡುಕವನದ ಅಗಲ ೪೯೪ ಯೋಜನವೆಂಬುದು ವಿಚಿತ್ರವಾದ ಸಂಖ್ಯೆಯಂತೆ ಕಂಡರೂ, ಎರಡು ಪಕ್ಕದ ೯೮೮ಕ್ಕೆ ಚೂಲಿಕೆಯ ಬುಡದ ೧೨ ಯೋಜನ ಸೇರಿದಾಗ ಸಾವಿರವು ತುಂಬುತ್ತದೆ. ೪೦ ಯೋಜನ ಎತ್ತರದ ಆ ಚೂಲಿಕೆಯು ಬುಡದಲ್ಲಿ ೧೨, ನಡುವೆ ೮, ತುದಿಯಲ್ಲಿ ೪ ಯೋಜನ ಅಗಲವಾಗಿದೆ. ೪೯೪ನ್ನು ೫೦೦ ಎಂದು ತಿದ್ದಿದರೆ ಚೂಲಿಕೆಗೆ ನಿಲ್ಲಲು ಎಡೆಯೇ ಇಲ್ಲವಾಗುತ್ತದೆ.

ಮಾನುಷೋತ್ತರದ ಆಚೆ

ಪುಷ್ಕರವರದ್ವೀಪದ ನಡುವೆ ವಲಯಾಕಾರವಾಗಿರುವ ಮಾನುಷೋತ್ತರವು ಮನುಷ್ಯಕ್ಷೇತ್ರದ ಎಲ್ಲೆ. ಅದರ ಎತ್ತರ ೧,೭೨೧ ಯೋಜನ. ಅವಗಾಹವು ಕಾಲುಭಾಗವಾದ ೪೩೦ ಯೋಜನ ಒಂದು ಕ್ರೋಶ. ಬುಡದಲ್ಲಿ ೧,೦೨೨, ನಡುವೆ ೭೨೩, ತುದಿಯಲ್ಲಿ ೪೨೪ ಯೋಜನ. ಬುಡ ಮತ್ತು ತುದಿಗಳನ್ನು ಕೂಡಿಸಿ ಅರ್ಧಿಸಿದರೆ ನಡುವಿನ ಸಂಖ್ಯೆ ದೊರೆಯುವುದರಿಂದ ಮೂರರಲ್ಲಿ ಒಂದು ನಷ್ಟವಾದರೂ ಉಳಿದೆರಡು ಅದನ್ನು ಮರಳಿಸುತ್ತವೆ.

ಅಲ್ಲಿಂದಾಚೆಗೆ ದ್ವೀಪಸಮುದ್ರಗಳು ಇಮ್ಮಡಿ ಇಮ್ಮಡಿಯಾಗಿ ಬೆಳೆಯುತ್ತ ಹೋಗುತ್ತವೆ. ಎಂಟನೆಯದಾದ ನಂದೀಶ್ವರದ್ವೀಪದ ವಿಸ್ತಾರ ೧೬೩ ಕೋಟಿ ೮೪ ಲಕ್ಷ ಯೋಜನ. ಲಕ್ಷವನ್ನು ಹದಿನಾಲ್ಕು ಸಲ ಇಮ್ಮಡಿಸಿದರೆ ಬರುವ ಸಂಖ್ಯೆಯೇ ಇದು. ಅದರ ಒಂದೊಂದು ದಿಕ್ಕಿನಲ್ಲಿಯೂ ಒಂದು ಅಂಜನಗಿರಿ, ನಾಲ್ಕು ದಧಿಮುಖ, ಎಂಟು ರತಿಕರ, ಹೀಗೆ ಹದಿಮೂರು ಪರ್ವತಗಳು. ನಾಲ್ಕು ದಿಕ್ಕಿಗೆ ೫೨. ಎತ್ತರವು ಕ್ರಮವಾಗಿ ೮೪,೦೦೦, ೧೦,೦೦೦, ೧,೦೦೦ ಯೋಜನ, ಅಗಲವೂ ಅಷ್ಟೇ. ಕಾರ್ತಿಕ, ಫಾಲ್ಗುಣ, ಆಷಾಢಗಳ ಅಷ್ಟಾಹ್ನಿಕ ಪರ್ವದಲ್ಲಿ ಪೂಜೆಗೊಳ್ಳುವುದು ಈ ಐವತ್ತೆರಡು ಚೈತ್ಯಾಲಯಗಳೇ. ಕರ್ನಾಟಕದ ಬಸದಿಗಳಲ್ಲಿ ಕಾಣುವ ನಂದೀಶ್ವರ ಲೋಹಬಿಂಬಗಳಲ್ಲಿಯೂ ಇದೇ ಗಣನೆ ಮೂರ್ತಿಗೊಂಡಿದೆ. ಆದುದರಿಂದ ಇಲ್ಲಿ ಓಲೆಯ ಪಾಠಕ್ಕೆ ಆರಾಧನೆಯ ಪರಂಪರೆಯೂ ಒಂದು ಸಾಕ್ಷಿ. ಮನುಷ್ಯಲೋಕದ ೩೯೮ ಚೈತ್ಯಾಲಯಗಳಿಗೆ ನಂದೀಶ್ವರದ ೫೨, ಕುಂಡಲಗಿರಿಯ ೪, ರುಚಕಗಿರಿಯ ೪ ಸೇರಿ ಮಧ್ಯಲೋಕದಲ್ಲಿ ೪೫೮ ಆಗುತ್ತವೆ.

ಇಂಥ ಬೃಹತ್ಸಂಖ್ಯೆಗಳನ್ನು ಆಚಾರ್ಯರು ಹೇಗೆ ಕಾಪಾಡಿದರೆಂಬುದಕ್ಕೆ ಲೋಕವಿಭಾಗವು ಉತ್ತಮ ನಿದರ್ಶನ. ಈಗ ದೊರೆಯುವ ಸಂಸ್ಕೃತ ಗ್ರಂಥ ಸಿಂಹಸೂರಿಗಳದು. ಆದರೆ ಅದಕ್ಕೆ ಮೂಲವಾದ, ಸರ್ವನಂದಿಗಳು ಬರೆದ ಶಾಸ್ತ್ರದ ಕಾಲವಾಗಿ ಶಕ ೩೮೦, ಅಂದರೆ ಕ್ರಿ.ಶ. ೪೫೮, ಅದರ ಪ್ರಶಸ್ತಿಯಲ್ಲಿ ಹೇಳಲ್ಪಟ್ಟಿದೆ. ಅದರಲ್ಲಿ ೧,೩೧೦ ಕೋಟಿ ೭೨ ಲಕ್ಷವೆಂಬ ಸಂಖ್ಯೆಯನ್ನು ಏಕಸ್ಥಾನದಿಂದ ಆರಂಭಿಸಿ ಒಂದೊಂದೇ ಸ್ಥಾನವಾಗಿ ಶಬ್ದಗಳಲ್ಲಿ ಹೇಳಿದೆ. ಸೊನ್ನೆಗೆ ಅಂಬರ, ಒಂದಕ್ಕೆ ರೂಪ ಎಂಬ ಪದಗಳೂ ಬಂದಿವೆ. ಸ್ಥಾನಮೌಲ್ಯದ ಇತಿಹಾಸವನ್ನು ಬರೆಯುವವರು ಈ ಭಾಗವನ್ನು ವಿಶೇಷವಾಗಿ ಉದಾಹರಿಸುತ್ತಾರೆ. ಪಾಠಶೋಧಕನಿಗೆ ಇಲ್ಲಿ ಬೇರೊಂದು ಉಪಯೋಗವಿದೆ. ಅಂಬರವೆಂಬಲ್ಲಿ ಅಂಬುಧಿಯೆಂದು ಲಿಪಿಕಾರನು ಬರೆದರೆ ಛಂದಸ್ಸಿನ ತೊಡಕಿನ ಜೊತೆಗೆ ಸೊನ್ನೆಯು ನಾಲ್ಕಾಗುತ್ತದೆ. ನಂದೀಶ್ವರದ ವಿಸ್ತಾರವನ್ನು ಮೂರು ಸಲ ಇಮ್ಮಡಿಸಿದರೆ ಬರುವುದು ೧,೩೧೦ ಕೋಟಿ ೭೨ ಲಕ್ಷವೇ ಆದುದರಿಂದ ಅಂಬರವೇ ಮೂಲಪಾಠವೆಂದು ಸಿದ್ಧವಾಗುತ್ತದೆ.

ಲಿಪಿಯಿಂದಾಗುವ ದೋಷಗಳು

ಕನ್ನಡ ತಾಡಪತ್ರಗಳಲ್ಲಿ ಹ್ರಸ್ವ, ದೀರ್ಘ ಎಕಾರ ಒಕಾರಗಳ ಭೇದವನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ. ದಕಾರ ಧಕಾರಗಳ ನಡುವಿನ ಸೀಳು ಮಾಸಿಹೋಗುವುದುಂಟು. ಪ್ರಾಕೃತ ಗ್ರಂಥಗಳ ಕನ್ನಡ ಪ್ರತಿಗಳಲ್ಲಿ ಇನ್ನೊಂದು ವಿಶೇಷವಿದೆ: ವ್ಯಂಜನದ ಹಿಂದೆ ಬರೆದ ಸೊನ್ನೆಯು ಅನುಸ್ವಾರವಾಗಿರದೆ ಮುಂದಿನ ವ್ಯಂಜನದ ದ್ವಿತ್ವವನ್ನು ಸೂಚಿಸಬಹುದು. ಪ್ರಾಕೃತದಲ್ಲಿ ಪಣ ಎಂದರೆ ಐದು, ಪಣ್ಣ ಎಂದರೆ ಐವತ್ತು. ಆ ಒಂದು ಸೊನ್ನೆ ಅಳಿಸಿಹೋದರೆ ಐವತ್ತು ಐದಾಗಿಬಿಡುತ್ತದೆ. ವಿಜಯಾರ್ಧದ ಬುಡದ ವಿಸ್ತಾರ ಐದು ಯೋಜನವೆಂದು ಓದಿದವನು, ಅದರ ಮೇಲಣ ೩೦ ಮತ್ತು ೧೦ ಯೋಜನಗಳನ್ನು ನೋಡಿದೊಡನೆ ತನ್ನ ಓದು ತಪ್ಪೆಂದು ತಿಳಿಯಬೇಕು. ಅಂಕಿಗಳಲ್ಲಿ ಬರೆದಿರುವೆಡೆ ೬ ಮತ್ತು ೯, ೦ ಮತ್ತು ೧ ಇವು ಮಸಿ ಹಾರಿದ ಗರಿಯಲ್ಲಿ ಒಂದನ್ನೊಂದು ಹೋಲುತ್ತವೆ. ಇಂಥಲ್ಲಿ ಕಣ್ಣಿಗಿಂತ ಲೆಕ್ಕವನ್ನು ನೆಚ್ಚುವುದು ಲೇಸು.

ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ, ೧೯೪೮ರಲ್ಲಿ ಪ್ರಕಟವಾದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯು ನಮ್ಮ ಭಂಡಾರಗಳ ಸಂಪತ್ತನ್ನು ವಿದ್ವಲ್ಲೋಕಕ್ಕೆ ತೋರಿಸಿಕೊಟ್ಟಿತು. ತಿಲೋಯಪಣ್ಣತ್ತಿಯನ್ನು ಆ. ನೇ. ಉಪಾಧ್ಯೆ ಮತ್ತು ಹೀರಾಲಾಲ ಜೈನರು ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ೧೯೪೩ ಮತ್ತು ೧೯೫೧ರಲ್ಲಿ ಎರಡು ಭಾಗಗಳಾಗಿ ಪ್ರ‌ಕಟಿಸಿದರು. ಅದರ ಗಣಿತವನ್ನು ಕುರಿತ ಲಕ್ಷ್ಮೀಚಂದ್ರ ಜೈನರ ವಿಸ್ತೃತ ಪ್ರಬಂಧ ೧೯೫೮ರಲ್ಲಿ ಹೊರಬಂದಿತು. ಬಳಿಕ ೧೯೮೦ರ ದಶಕದಲ್ಲಿ ಆರ್ಯಿಕಾ ವಿಶುದ್ಧಮತಿ ಮಾತಾಜಿಯವರು ಕನ್ನಡ ತಾಡಪತ್ರಗಳ ಪಾಠಗಳನ್ನು ಬಳಸಿಕೊಂಡು ಸಿದ್ಧಪಡಿಸಿದ ಆವೃತ್ತಿಯಲ್ಲಿ ಮೊದಲಿನ ಮುದ್ರಣದಲ್ಲಿಲ್ಲದ ಗಾಹೆಗಳು ದೊರೆತವು. ಗಣಿತವು ಅಪೇಕ್ಷಿಸಿದ್ದನ್ನು ಓಲೆಗರಿಯು ಒದಗಿಸಬಲ್ಲುದೆಂಬುದಕ್ಕೂ, ಓಲೆಗರಿಗಳ ಪರಿಶೀಲನೆ ಇನ್ನೂ ಮುಗಿದಿಲ್ಲವೆಂಬುದಕ್ಕೂ ಇದು ಸಾಕಷ್ಟು ಪ್ರಮಾಣ.

ಲೆಕ್ಕದ ಮಿತಿ

ಹೀಗೆಂದು ಲೆಕ್ಕವನ್ನೇ ಕುರುಡಾಗಿ ಅನುಸರಿಸುವುದೂ ಅಪಾಯಕರ. ಧಾತಕೀಖಂಡದ ವಿಜಯ, ಅಚಲ ಮತ್ತು ಪುಷ್ಕರಾರ್ಧದ ಮಂದರ, ವಿದ್ಯುನ್ಮಾಲಿ ಎಂಬ ನಾಲ್ಕು ಮೇರುಗಳು ನೆಲದ ಮೇಲೆ ೮೪,೦೦೦ ಯೋಜನ ಎತ್ತರ. ಅವುಗಳ ವ್ಯಾಸ ನೆಲದ ಮಟ್ಟದಲ್ಲಿ ೯,೪೦೦, ತುದಿಯಲ್ಲಿ ೧,೦೦೦. ಸುದರ್ಶನಮೇರುವಿನ ಹನ್ನೊಂದನೆಯ ಒಂದು ಭಾಗದ ಹಾನಿಯನ್ನು ಇಲ್ಲಿಗೂ ತಂದರೆ ನೆಲದ ವ್ಯಾಸ ೮,೬೩೬ ೪/೧೧ ಎಂದು ಬರುತ್ತದೆ. ಅದನ್ನು ನಂಬಿ ೯,೪೦೦ನ್ನು ತಿದ್ದಿದ ಸಂಪಾದಕನು ಶುದ್ಧಪಾಠವನ್ನೇ ಕೆಡಿಸಿದಂತಾಗುತ್ತದೆ. ಈ ಮೇರುಗಳಲ್ಲಿ ಹಾನಿಯು ಹತ್ತು ಯೋಜನಕ್ಕೆ ಒಂದು; ತಳದ ೧,೦೦೦ ಯೋಜನದ ಅವಗಾಹದಲ್ಲಿ ವ್ಯಾಸ ೯,೫೦೦ ಎಂಬುದೂ ಅದಕ್ಕೆ ಹೊಂದುತ್ತದೆ. ಆದುದರಿಂದ ಯಾವ ಪರ್ವತಕ್ಕೆ ಯಾವ ಕರಣವೆಂಬುದನ್ನು ಗ್ರಂಥದಿಂದಲೇ ತಿಳಿಯಬೇಕು.

ಮತಾಂತರಗಳ ವಿಷಯವೂ ಹೀಗೆಯೇ. ಯತಿವೃಷಭಾಚಾರ್ಯರು ಲೋಕವಿನಿಶ್ಚಯ, ಲೋಕವಿಭಾಗ ಮೊದಲಾದ ಗ್ರಂಥಗಳ ಭಿನ್ನಾಭಿಪ್ರಾಯಗಳನ್ನು ಹೆಸರು ಹೇಳಿಯೇ ಉದ್ಧರಿಸಿದ್ದಾರೆ. ಹಲವೆಡೆ ಪಾಠಾಂತರವೆಂದು ಸೂಚಿಸಿ ಇನ್ನೊಂದು ಗಾಹೆಯನ್ನೂ ಉಳಿಸಿದ್ದಾರೆ. ತಮಗೆ ಸಮ್ಮತವಲ್ಲದುದನ್ನು ಅವರು ಅಳಿಸಲಿಲ್ಲ. ತನ್ನೊಳಗೆ ಸುಸಂಗತವಾಗಿರುವ ಎರಡು ಲೆಕ್ಕಗಳು ಎರಡು ಪ್ರತಿಗಳಲ್ಲಿ ದೊರೆತರೆ ಅವು ಎರಡು ಆಮ್ನಾಯಗಳ ಸಾಕ್ಷಿಗಳಾಗಿರಬಹುದು. ಅವನ್ನು ಒಂದಾಗಿಸುವುದು ಸಂಪಾದಕನ ಕೆಲಸವಲ್ಲ.

ಹುಣಸಗಿಯ ಗುಡ್ಡಗಳು

ಶಾಸ್ತ್ರದ ಪರ್ವತಗಳನ್ನು ಕಣ್ಣಿಗೆ ಕಾಣುವ ಬೆಟ್ಟಗಳೊಡನೆ ಸಮೀಕರಿಸುವ ಎರಡನೆಯ ದೋಷವನ್ನು ಇನ್ನು ವಿಚಾರಿಸಬೇಕು. ಅದಕ್ಕೆ ಯಾದಗಿರಿ ಜಿಲ್ಲೆಯ ಹುಣಸಗಿಯ ಸೀಮೆಗಿಂತ ಉಚಿತವಾದ ಎಡೆಯಿಲ್ಲ. ಇಲ್ಲಿಂದ ಈಶಾನ್ಯಕ್ಕೆ, ಕಾಗಿಣಾ ನದಿಯ ದಡದಲ್ಲಿ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ, ಇಂದಿನ ಮಳಖೇಡ. ಅಮೋಘವರ್ಷನ ಗುರುಗಳಾದ ಜಿನಸೇನಾಚಾರ್ಯರು, ಅವರು ಅಪೂರ್ಣವಾಗಿ ಬಿಟ್ಟ ಮಹಾಪುರಾಣವನ್ನು ಮುಗಿಸಿದ ಗುಣಭದ್ರಾಚಾರ್ಯರು, ಅಮೋಘವರ್ಷನ ಪ್ರಶಂಸೆಯುಳ್ಳ ಗಣಿತಸಾರಸಂಗ್ರಹದಲ್ಲಿ ಭಿನ್ನರಾಶಿಗಳಿಗೆ ಕಲಾಸವರ್ಣವೆಂಬ ಪ್ರಕರಣವನ್ನೇ ಮೀಸಲಿಟ್ಟ ಮಹಾವೀರಾಚಾರ್ಯರು, ಅಪಭ್ರಂಶದ ಮಹಾಪುರಾಣವನ್ನು ಕ್ರಿ.ಶ. ೯೬೫ರಲ್ಲಿ ಮುಗಿಸಿದ ಪುಷ್ಪದಂತ ಇವರೆಲ್ಲ ಆ ರಾಜ್ಯದ ಆಶ್ರಯಕ್ಕೆ ಸಂಬಂಧಪಟ್ಟವರು. ಕುಲಪರ್ವತಗಳ ಕಲೆಗಳನ್ನು ಎಣಿಸಬಲ್ಲ ಗಣಿತವೂ ಅವನ್ನು ವರ್ಣಿಸಬಲ್ಲ ಕಾವ್ಯವೂ ಒಂದೇ ನೆಲದಲ್ಲಿ ಪೋಷಣೆ ಪಡೆದುವು.

ಅದೇ ನಾಡಿನ ಹುಣಸಗಿ ಮತ್ತು ಬೈಚಬಾಳದ ಕಣಿವೆಗಳನ್ನು ಸುತ್ತುವರಿದ ಗುಡ್ಡಗಳು ಬಹುಮಟ್ಟಿಗೆ ಚಪ್ಪಟೆ ತಲೆಯವು. ಸುಣ್ಣಕಲ್ಲು ಮತ್ತು ಜೇಡಿಗಲ್ಲಿನ ಪದರಗಳು ಅಡ್ಡಡ್ಡವಾಗಿ ಹಾಸಿಕೊಂಡಿರುವುದೇ ಇದಕ್ಕೆ ಕಾರಣ. ಕಣಿವೆಯ ತಳದಲ್ಲಿ ಇವುಗಳಿಗಿಂತ ಬಹು ಹಳೆಯ ಗ್ರಾನೈಟ್ ಮೊದಲಾದ ಶಿಲೆಗಳು. ಒಂದು ಪಕ್ಕದಲ್ಲಿ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದು ಗಟ್ಟಿಯಾದ ದಖ್ಖನಿನ ಲಾವಾಶಿಲೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ೧೯೭೦ರ ದಶಕದಿಂದ ಇಲ್ಲಿ ನಡೆಸಿದ ಶೋಧದಲ್ಲಿ ಆದಿ ಶಿಲಾಯುಗದ ಇನ್ನೂರಕ್ಕೂ ಹೆಚ್ಚು ನೆಲೆಗಳು ಬೆಳಕಿಗೆ ಬಂದುವು. ಇಸಾಂಪುರದಲ್ಲಿ ಸುಣ್ಣಕಲ್ಲಿನ ಚಪ್ಪಡಿಗಳನ್ನೇ ಎತ್ತಿ ಕೈಗೊಡಲಿಗಳನ್ನು ಮಾಡಿದ ನೆಲೆಯೊಂದು ದೊರೆತು, ಅದರ ಕಾಲ ಸುಮಾರು ೧೨ ಲಕ್ಷ ವರ್ಷಗಳ ಹಿಂದಿನದೆಂದು ನಿರ್ಣಯಿಸಲಾಗಿದೆ.

ಈ ಗುಡ್ಡಗಳ ಸಮತಟ್ಟಾದ ತಲೆಯನ್ನು ಕಂಡು, ಬುಡದಲ್ಲಿಯೂ ತುದಿಯಲ್ಲಿಯೂ ಸಮವಾದ ಕುಲಪರ್ವತಗಳ ಕಲ್ಪನೆ ಇಂಥಲ್ಲಿಯೇ ಹುಟ್ಟಿತೆಂದು ಹೇಳುವುದು ಸುಲಭ. ಆದರೆ ಅದು ಆಧಾರವಿಲ್ಲದ ಮಾತು. ಕುಲಪರ್ವತಗಳು ಶಾಸ್ತ್ರದಲ್ಲಿ ಶಾಶ್ವತ, ಅಕೃತ್ರಿಮ. ಹುಣಸಗಿಯ ಗುಡ್ಡಗಳು ಪದರಪದರವಾಗಿ ಕೂಡಿದುವು, ಮಳೆನೀರಿಗೆ ಸವೆದುವು, ಇಂದಿಗೂ ಸವೆಯುತ್ತಿವೆ. ಹಿಮಾಲಯದ ವಿಷಯದಲ್ಲಿಯೂ ಇದೇ ನ್ಯಾಯ. ಭಾರತದ ಭೂಫಲಕವು ಏಷ್ಯಾದ ಫಲಕವನ್ನು ಸುಮಾರು ಐದು ಕೋಟಿ ವರ್ಷಗಳ ಹಿಂದೆ ಒತ್ತತೊಡಗಿದುದರಿಂದ ಅದು ಎದ್ದಿತೆಂದೂ, ಈಗಲೂ ಏರುತ್ತಿದೆಯೆಂದೂ ಭೂವಿಜ್ಞಾನದ ನಿರ್ಣಯ. ಅದರ ಅತ್ಯುನ್ನತ ಶಿಖರವಾದ ಎವರೆಸ್ಟಿನ ಎತ್ತರವನ್ನು ೨೦೨೦ರಲ್ಲಿ ೮,೮೪೮.೮೬ ಮೀಟರ್ ಎಂದು ಘೋಷಿಸಲಾಯಿತು. ದಕ್ಷಿಣ ಅಮೆರಿಕದ ಆಂಡೀಸ್ ಶ್ರೇಣಿಯ ಉದ್ದ ಸುಮಾರು ೭,೦೦೦ ಕಿಲೋಮೀಟರ್. ಸಾಗರಗಳ ತಳದಲ್ಲಿ ಸುಮಾರು ೬೫,೦೦೦ ಕಿಲೋಮೀಟರ್ ಉದ್ದದ ಪರ್ವತಸಾಲು ಭೂಮಿಯನ್ನು ಬಳಸಿದೆ. ಮಂಗಳಗ್ರಹದ ಒಲಿಂಪಸ್ ಪರ್ವತದ ಎತ್ತರ ಸುಮಾರು ೨೨ ಕಿಲೋಮೀಟರ್. ಇವೆಲ್ಲವೂ ಅಳೆದು ತಿಳಿದ, ಕಾಲಕಾಲಕ್ಕೆ ಪರಿಷ್ಕರಿಸಬೇಕಾದ ಪ್ರಮಾಣಗಳು. ಲೋಕಗ್ರಂಥಗಳ ಪ್ರಮಾಣಗಳಾದರೋ ಪ್ರಮಾಣಯೋಜನದಲ್ಲಿ ಹೇಳಿದುವು. ಆ ಯೋಜನವು ಉತ್ಸೇಧಯೋಜನದ ಐನೂರು ಮಡಿ. ಎರಡನ್ನು ಒಂದೇ ತಕ್ಕಡಿಯಲ್ಲಿ ತೂಗಿದರೆ ಶಾಸ್ತ್ರಕ್ಕೂ ನ್ಯಾಯವಾಗದು, ವಿಜ್ಞಾನಕ್ಕೂ ಆಗದು.

ಈ ವಿವೇಕ ಪ್ರಾಚೀನರಲ್ಲಿಯೂ ಇತ್ತೆಂಬುದಕ್ಕೆ ಆಧಾರವಿದೆ. ಅವಸರ್ಪಿಣಿಯ ಕೊನೆಯಲ್ಲಿ ಆರ್ಯಖಂಡದ ಚಿತ್ರಾಪೃಥ್ವಿಯ ಮೇಲೆ ಬೆಳೆದ ಒಂದು ಯೋಜನದಷ್ಟು ನೆಲ ಸುಟ್ಟು ನಾಶವಾಗುತ್ತದೆಂದು ತಿಲೋಯಪಣ್ಣತ್ತಿ ಹೇಳುತ್ತದೆ. ಅಂದರೆ ಆರ್ಯಖಂಡದ ಮೇಲ್ಮೈ ಬದಲಾಗುವಂಥದು, ಕುಲಪರ್ವತಗಳು ಬದಲಾಗದವು ಎಂಬ ಭೇದವನ್ನು ಗ್ರಂಥವೇ ಒಪ್ಪಿದೆ. ಕೈಲಾಸ, ಸಮ್ಮೇದ, ಊರ್ಜಯಂತ, ಕಟವಪ್ರಗಳು ನಿರ್ವಾಣ, ಸಮಾಧಿಗಳಿಂದ ಪೂಜ್ಯವಾದ ಗಿರಿಗಳಾದರೂ ೩೧೧ರ ಗಣನೆಯಲ್ಲಿ ಸೇರಲಿಲ್ಲವೆಂಬುದೂ ಇಲ್ಲಿ ಸ್ಮರಣೀಯ.

ಹುಣಸಗಿಯ ಉತ್ಖನನದಿಂದ ಹಸ್ತಪ್ರತಿಶಾಸ್ತ್ರವು ಕಲಿಯಬೇಕಾದುದೊಂದಿದೆ. ಅಲ್ಲಿ ದೊರೆತ ಕಲ್ಲಿನ ಚಕ್ಕೆಯನ್ನು ಅದು ಬಿದ್ದಿದ್ದ ಸ್ಥಳ, ಪದರ, ದಿಕ್ಕುಗಳೊಡನೆ ಬರೆದುಕೊಂಡ ಬಳಿಕವೇ ಎತ್ತುತ್ತಾರೆ. ಸ್ಥಳದ ದಾಖಲೆ ಇಲ್ಲದೆ ಎತ್ತಿದ ಚಕ್ಕೆ ಕಲ್ಲಾಗಿಯೇ ಉಳಿಯುತ್ತದೆ, ಸಾಕ್ಷಿಯಾಗಿ ಉಳಿಯುವುದಿಲ್ಲ. ಓಲೆಯಲ್ಲಿನ ಅಪಪಾಠವೂ ಹಾಗೆಯೇ. ಅದು ತಪ್ಪಾಗಿದ್ದರೂ ಯಾವ ಪ್ರತಿ ಯಾವುದರಿಂದ ಇಳಿದು ಬಂದಿತೆಂಬುದಕ್ಕೆ ಅದೇ ಗುರುತು.

ವೃಷಭಾಚಲದ ನಿದರ್ಶನ

ಜಿನಸೇನಾಚಾರ್ಯರ ಆದಿಪುರಾಣದಲ್ಲಿಯೂ, ಪಂಪನು ಕ್ರಿ.ಶ. ೯೪೧ರಲ್ಲಿ ಮುಗಿಸಿದ ಆದಿಪುರಾಣದಲ್ಲಿಯೂ ಬರುವ ಒಂದು ಪ್ರಸಂಗ ಇಲ್ಲಿ ವಿಚಾರಾರ್ಹ. ನೂರು ಯೋಜನ ಎತ್ತರದ, ಬುಡದಲ್ಲಿ ೧೦೦, ನಡುವೆ ೭೫, ತುದಿಯಲ್ಲಿ ೫೦ ಯೋಜನ ಅಗಲದ ವೃಷಭಾಚಲಕ್ಕೆ ಭರತಚಕ್ರವರ್ತಿಯು ದಿಗ್ವಿಜಯದ ಬಳಿಕ ಬರುತ್ತಾನೆ. ಆರು ಖಂಡಗಳನ್ನು ಗೆದ್ದವನು ತಾನೊಬ್ಬನೇ ಎಂಬ ಗರ್ವದಿಂದ ತನ್ನ ಪ್ರಶಸ್ತಿಯನ್ನು ಅಲ್ಲಿ ಕೆತ್ತಿಸಹೊರಟಾಗ, ಹಿಂದಿನ ಚಕ್ರವರ್ತಿಗಳ ಪ್ರಶಸ್ತಿಗಳಿಂದ ಆ ಗಿರಿಯಲ್ಲಿ ಎಡೆಯೇ ಇಲ್ಲದಂತಾಗಿರುವುದು ಕಾಣುತ್ತದೆ. ಅವನ ಗರ್ವ ಕುಗ್ಗುತ್ತದೆ. ಕೊನೆಗೆ ಒಬ್ಬನ ಬರೆಹವನ್ನು ಅಳಿಸಿಯೇ ತನ್ನದನ್ನು ಬರೆಯಿಸುತ್ತಾನೆ. ಅಳಿದುಹೋದ ಆ ಚಕ್ರವರ್ತಿಯ ಹೆಸರು ಓದುಗನಿಗೆ ತಿಳಿಯುವುದೇ ಇಲ್ಲ.

ಗ್ರಂಥಸಂಪಾದನೆಯಲ್ಲಿ ಮೂಲಪಾಠವನ್ನು ತಿಳಿಸದೆ ತಿದ್ದುವುದರ ಫಲವೂ ಇದಕ್ಕಿಂತ ಬೇರೆಯಲ್ಲ. ಆದುದರಿಂದ ಲೋಕಗ್ರಂಥಗಳ ಪರ್ವತಪ್ರಕರಣಗಳನ್ನು ಸಂಪಾದಿಸುವವರು ಈ ಕೆಲವು ನಿಯಮಗಳನ್ನು ಪಾಲಿಸುವುದು ಯುಕ್ತ. ಮೊದಲನೆಯದಾಗಿ, ಪ್ರತಿಯಲ್ಲಿ ಕಂಡ ಸಂಖ್ಯೆಯನ್ನು ಇದ್ದಂತೆಯೇ ಬರೆದುಕೊಂಡು, ಅದು ಅಂಕಿಯಲ್ಲಿದೆಯೇ ಶಬ್ದದಲ್ಲಿದೆಯೇ ಎಂಬುದನ್ನು ಸೂಚಿಸಬೇಕು. ಎರಡನೆಯದಾಗಿ, ಆ ಪರ್ವತಕ್ಕೆ ಗ್ರಂಥವೇ ವಿಧಿಸಿದ ಕರಣದಿಂದ ಅದನ್ನು ಪರೀಕ್ಷಿಸಬೇಕು. ಬೇರೆ ಪರ್ವತದ ಕರಣವನ್ನು ತರಬಾರದು. ಮೂರನೆಯದಾಗಿ, ಪರೀಕ್ಷೆಯಿಂದ ಸಿದ್ಧವಾದ ಪಾಠವನ್ನು ಮೇಲೆ ಇಟ್ಟರೂ ಪ್ರತಿಯ ಪಾಠವನ್ನು ಅಡಿಯಲ್ಲಿ ಉಳಿಸಬೇಕು. ನಾಲ್ಕನೆಯದಾಗಿ, ಸುಸಂಗತವಾದ ಮತಾಂತರವನ್ನು ದೋಷವೆಂದು ಎಣಿಸಬಾರದು. ಐದನೆಯದಾಗಿ, ಆಧುನಿಕ ಭೂವಿವರಣೆಯ ಯಾವ ಅಳತೆಯನ್ನೂ ಪಾಠನಿರ್ಣಯಕ್ಕೆ ಆಧಾರವಾಗಿ ಬಳಸಬಾರದು. ಹೋಲಿಸಬೇಕಾದರೆ ಪ್ರಸ್ತಾವನೆಯಲ್ಲಿ ಹೋಲಿಸಬಹುದು.

ಮಠಗಳಲ್ಲಿಯೂ ಬಸದಿಗಳಲ್ಲಿಯೂ ಪುರೋಹಿತರ ಮನೆಗಳಲ್ಲಿಯೂ ಉಳಿದಿರುವ ತ್ರಿಲೋಕಸಾರ, ಲೋಕವಿಭಾಗಗಳ ಪ್ರತಿಗಳು ವರ್ಷದಿಂದ ವರ್ಷಕ್ಕೆ ಜೀರ್ಣವಾಗುತ್ತಿವೆ. ಅಂಚು ಮುರಿದು ಅರ್ಧ ಸಂಖ್ಯೆಯಷ್ಟೇ ಉಳಿದ ಗರಿಯನ್ನು ಅನುಪಯುಕ್ತವೆಂದು ಸೂಚಿಯಿಂದ ಬಿಡುವ ರೂಢಿ ಇನ್ನು ಮುಂದೆ ಸಲ್ಲದು. ಕುಲಪರ್ವತಗಳ ಹದಿಮೂರು ಸಂಖ್ಯೆಗಳಲ್ಲಿ ಒಂದು ಪೂರ್ಣವಾಗಿ ಉಳಿದಿದ್ದರೂ ಉಳಿದ ಹನ್ನೆರಡನ್ನು ಅದು ಮರಳಿ ಕೊಡಬಲ್ಲುದು.